ವಿಕೆಟ್ಟಿನ ಹಿಂದೆ ಕೂತ ನಮ್ಮ ಕಿರ್ಮಾನಿ

ಹೋದ ಡಿಸೆಂಬರಿನಲ್ಲಿ ಹೆತ್ತೂರಿನ ನಮ್ಮ ಮನೆಯಲ್ಲಿ ಇಬ್ಬರು ಆಟಗಾರರು ಸೇರಿದ್ದರು. ಒಬ್ಬ, ಕ್ರಿಸ್‌ಮಸ್ ರಜೆಗೆಂದು ಅಮೆರಿಕದಿಂದ ಬಂದಿದ್ದ ಮಗಳ ಮಗ, ಹನ್ನೊಂದು ವರ್ಷದವನು. ಇನ್ನೊಬ್ಬಳು ಇಲ್ಲೇ ನಮ್ಮ ಜೊತೆಯಲ್ಲಿದ್ದು ಏಳನೇ ತರಗತಿ ಓದುತ್ತಿರುವ ಮಗನ ಮಗಳು. ಕಣದ ತುಂಬ ಕಾಫಿ ಹರಡಿತ್ತು. ಅದರ ಮೇಲೆ ಕಾಲಿಟ್ಟರೆ ಅಜ್ಜಿ ಯಾವ ದೇಶದ ಮೊಮ್ಮಗನನ್ನೂ ಬಿಡುವವಳಲ್ಲ. ಹಾಗಾಗಿ ಇಬ್ಬರೂ ಕುಯ್ಲು ಮುಗಿದ ಗದ್ದೆಗೆ ಇಳಿದರು.

ಹುಡುಗ ತನ್ನ ಚೀಲದಿಂದ ಒಂದು ಚರ್ಮದ ಗವಸು ತೆಗೆದ. ಒಂದೇ ಕೈಗೆ ಹಾಕುವುದು, ಅಗಲ ನೋಡಿದರೆ ನಮ್ಮ ಮನೆಯ ಮೊರದಷ್ಟಿತ್ತು. "ತಾತ, ನಾನು ನಮ್ಮ ಟೀಮಿನ ಸೆಕೆಂಡ್ ಬೇಸ್‌ಮನ್" ಅಂದ. ಬೇಸ್‌ಬಾಲ್ ಎಂಬ ಆಟದ ಹೆಸರು ಕೇಳಿದ್ದೆ, ಅಷ್ಟೇ. "ಹಾಗಂದ್ರೆ ಏನು ಕೆಲಸ ಮಾರಾಯ?" ಎಂದು ಕೇಳಿದೆ.

ಅವನು ಕೋಲು ತೆಗೆದುಕೊಂಡು ಗದ್ದೆಯ ಮಣ್ಣಿನಲ್ಲಿ ಗಾಳಿಪಟದ ಹಾಗೆ ಓರೆಯಾಗಿ ನಿಂತ ಒಂದು ಚೌಕ ಬರೆದ. ನಾಲ್ಕು ಮೂಲೆ. ಒಂದು ಮೂಲೆಯಲ್ಲಿ ದಾಂಡಿಗ, ನಡುವೆ ಚೆಂಡು ಎಸೆಯುವವನು. ದಾಂಡಿಗ ಚೆಂಡು ಹೊಡೆದು ಒಂದೊಂದೇ ಮೂಲೆ ಮುಟ್ಟುತ್ತಾ ಸುತ್ತು ಹಾಕಿ ಬಂದರೆ ಒಂದು ರನ್. ಮೂಲೆಯಿಂದ ಮೂಲೆಗೆ 90 ಅಡಿ. ನಮ್ಮ ಹುಡುಗ ನಿಲ್ಲುವುದು ಒಂದನೇ ಮೂಲೆಗೂ ಎರಡನೇ ಮೂಲೆಗೂ ನಡುವೆ. ನೆಲಕ್ಕೆ ಬಿದ್ದು ಪುಟಿದು ಬರುವ ಚೆಂಡನ್ನು ತಡೆದು, ಓಡುವವನು ಮುಟ್ಟುವುದಕ್ಕೆ ಮೊದಲು ಒಂದನೇ ಮೂಲೆಗೆ ಎಸೆಯಬೇಕು. ಕೆಲವು ಸಲ ಜೊತೆಗಾರ ಎಸೆದ ಚೆಂಡನ್ನು ಎರಡನೇ ಮೂಲೆಯ ಮೇಲೆ ಕಾಲಿಟ್ಟು ಹಿಡಿದು, ಅಲ್ಲಿಗೆ ಓಡಿಬರುವವನನ್ನು ಔಟ್ ಮಾಡಿ, ಅದೇ ಉಸಿರಿನಲ್ಲಿ ತಿರುಗಿ ಒಂದನೇ ಮೂಲೆಗೆ ಎಸೆದರೆ ಅಲ್ಲಿ ಇನ್ನೊಬ್ಬ ಔಟ್. ಒಂದೇ ಚೆಂಡಿಗೆ ಇಬ್ಬರು! ಅದೂ ಎದುರಿನಿಂದ ಓಡಿಬರುವವನು ನೆಲದ ಮೇಲೆ ಜಾರಿಕೊಂಡು ಕಾಲಿಗೆ ಬಂದು ಬೀಳುತ್ತಿರುವಾಗ.

"ಅಬ್ಬಾ! ಹಾಗಾದರೆ ಜನ ನಿನ್ನ ಹೆಸರು ಕೂಗ್ತಾರೆ ಅನ್ನು."

"ಇಲ್ಲ ತಾತ. ಹೋಮ್ ರನ್ ಹೊಡೆದವನ ಹೆಸರು ಕೂಗ್ತಾರೆ. ನಾನು ಚೆಂಡು ಬಿಟ್ರೆ ಮಾತ್ರ ಬೋರ್ಡಿನಲ್ಲಿ ಹಾಕ್ತಾರೆ."

ಅವರ ಸ್ಕೋರ್ ಬೋರ್ಡಿನಲ್ಲಿ ಕೊನೆಗೆ ಮೂರು ಕಾಲಂ ಇರುತ್ತವಂತೆ. ರನ್ ಎಷ್ಟು, ಹಿಟ್ ಎಷ್ಟು, ಎರರ್ ಎಷ್ಟು. ಎರರ್ ಅಂದರೆ ಕ್ಷೇತ್ರರಕ್ಷಕರ ತಪ್ಪು. ಊರಿಗೆಲ್ಲ ಕಾಣುವ ಹಾಗೆ ಅದನ್ನು ಬರೆದಿರುತ್ತಾರೆ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಅದರಲ್ಲಿ ಬಹುಪಾಲು ಕ್ಯಾಷ್ ಕೌಂಟರಿನಲ್ಲಿ ಕಳೆದವನು ನಾನು. ಕಾಲಂ ಎಂಬ ಮಾತು ಕೇಳಿದರೆ ಬಿ.ಕಾಂ. ಓದಿದವನ ಕಿವಿ ನೆಟ್ಟಗಾಗುತ್ತದೆ. ಸರಿಯಾಗಿ ಮಾಡಿದ್ದಕ್ಕೆ ಜಾಗವಿಲ್ಲ, ತಪ್ಪಿದ್ದಕ್ಕೆ ಮಾತ್ರ ಒಂದು ಕಾಲಂ. ಇದನ್ನು ನಾನು ಬೇರೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ಅಷ್ಟರಲ್ಲಿ ಬದುವಿನ ಮೇಲೆ ಕೂತಿದ್ದ ಮೊಮ್ಮಗಳು ಎದ್ದು ಮನೆ ಕಡೆ ನಡೆದೇಬಿಟ್ಟಳು. ಅವಳ ಸಂಕಟ ನನಗೆ ಗೊತ್ತಿತ್ತು. ಹಿಂದಿನ ವಾರ ಪಕ್ಕದ ಊರಿನ ಶಾಲೆಯ ಮೇಲೆ ಕ್ರಿಕೆಟ್ ಪಂದ್ಯ ಇತ್ತು. ಹುಡುಗರು ಹುಡುಗಿಯರು ಸೇರಿ ಆಡಿದ್ದು. ಯಾರೂ ಒಪ್ಪದ ಕೀಪಿಂಗ್ ಕೆಲಸ ಇವಳ ಪಾಲಿಗೆ ಬಂದಿತ್ತು. ಹನ್ನೊಂದು ಬೈ ರನ್ ಹೋಯಿತು, ಪಂದ್ಯ ನಾಲ್ಕು ರನ್ನಿನಿಂದ ಸೋತರು. ಲೆಕ್ಕ ಹಾಕುವುದಕ್ಕೆ ಬಿ.ಕಾಂ. ಬೇಕಿಲ್ಲವಲ್ಲ. ಹುಡುಗರು 'ತೂತು ಬಲೆ' ಎಂದು ಹೆಸರಿಟ್ಟರು. "ನಾನಿನ್ನು ಆಡಲ್ಲ ತಾತ" ಎಂದು ಎರಡು ದಿನ ಊಟದ ತಟ್ಟೆಯ ಮುಂದೆ ಮುಖ ಊದಿಸಿದ್ದಳು.

ರಾತ್ರಿ ಚಳಿಗೆ ಮೂವರೂ ಬಚ್ಚಲ ಒಲೆಯ ಮುಂದೆ ಕೂತೆವು. ಹುಡುಗನ ಅಂಗಿಯ ಮೇಲೆ 42 ಎಂದು ಬರೆದಿತ್ತು. ಏನದು ಎಂದಾಗ ಜಾಕಿ ರಾಬಿನ್ಸನ್ ಕಥೆ ಬಂತು. ಅಮೆರಿಕದ ದೊಡ್ಡ ಲೀಗಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, 1947ರ ಏಪ್ರಿಲ್ 15ರಂದು, ಬ್ರೂಕ್ಲಿನ್ ಡಾಜರ್ಸ್ ತಂಡಕ್ಕೆ ಆಡಲು ರಾಬಿನ್ಸನ್ ಇಳಿದರು. ಮೊದಲ ವರ್ಷ ಒಂದನೇ ಬೇಸು, ಮರುವರ್ಷದಿಂದ ಎರಡನೇ ಬೇಸು. ಎದುರಾಳಿಗಳ ಬೈಗುಳ ಕೇಳಿಸಿಕೊಂಡು, ಬೇಕೆಂದೇ ಕಾಲಿಗೆ ಬಂದು ಬೀಳುವವರನ್ನು ಸಹಿಸಿಕೊಂಡು ಆಡಿದರು. 1949ರಲ್ಲಿ ತಮ್ಮ ಲೀಗಿನ ಅತಿ ಮೌಲ್ಯದ ಆಟಗಾರ ಎನಿಸಿದರು. 1997ರಲ್ಲಿ ಅವರ ಗೌರವಕ್ಕೆ 42ನೇ ಸಂಖ್ಯೆಯನ್ನು ಎಲ್ಲ ತಂಡಗಳಲ್ಲೂ ನಿವೃತ್ತಿ ಮಾಡಿದರು. ಈಗ ವರ್ಷಕ್ಕೊಮ್ಮೆ, ಏಪ್ರಿಲ್ 15ರಂದು, ಎಲ್ಲ ಆಟಗಾರರೂ ಅದೇ ಸಂಖ್ಯೆಯ ಅಂಗಿ ತೊಡುತ್ತಾರೆ.

"ನಿಮ್ಮಲ್ಲಿ ಇಂಥ ಸೆಕೆಂಡ್ ಬೇಸ್‌ಮನ್ ಯಾರೂ ಇಲ್ವಾ ತಾತ?"

ಬೇಸ್ ಇಲ್ಲ ಕಣೋ, ಆದರೆ ಆ ಕೆಲಸ ಮಾಡಿದವರು ಇದ್ದಾರೆ ಎಂದೆ. ಮೊಮ್ಮಗಳು ಕೆಂಡ ಕೆದಕುತ್ತಾ ಕೂತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಗಿ ಸೈಯದ್ ಕಿರ್ಮಾನಿಯ ಕಥೆ ತೆಗೆದೆ.

ನನಗಿಂತ ಒಂದೆರಡು ವರ್ಷ ದೊಡ್ಡವರು. 1949ರ ಡಿಸೆಂಬರ್ 29ರಂದು ಹುಟ್ಟಿದ್ದು ಮದ್ರಾಸಿನಲ್ಲಾದರೂ ಬೆಳೆದದ್ದು ಬೆಂಗಳೂರಿನಲ್ಲಿ. ಪೂರ್ತಿ ಹೆಸರು ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿ, ಜೊತೆಗಾರರಿಗೆ 'ಕಿರಿ'. ಚಿಕ್ಕಂದಿನಲ್ಲಿ ಬೀದಿಯಲ್ಲಿ ಆಡುವಾಗ ಗ್ಲೌಸ್ ಕೊಳ್ಳಲು ದುಡ್ಡಿಲ್ಲದೆ ಇಟ್ಟಿಗೆ ಹಿಡಿದು ಕೀಪಿಂಗ್ ಮಾಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಕೇಳಿ ಅಮೆರಿಕದ ಹುಡುಗ ತನ್ನ ಗವಸನ್ನು ಒಮ್ಮೆ ನೋಡಿಕೊಂಡ.

ಅವರು ರಣಜಿ ಆಡಲು ಶುರು ಮಾಡಿದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ತಂಡದಲ್ಲಿ ಪ್ರಸನ್ನ, ಚಂದ್ರಶೇಖರ್ ಎಂಬ ಇಬ್ಬರು ಸ್ಪಿನ್ ಮಾಂತ್ರಿಕರು. ಅದರಲ್ಲೂ ಚಂದ್ರಶೇಖರ್ ವಿಷಯ ಬೇರೆಯೇ. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಬಡವಾಗಿತ್ತು, ಆ ಕೈಯಿಂದಲೇ ಎಸೆಯುತ್ತಿದ್ದರು. ಸ್ಪಿನ್ನರ್ ಎಂದು ಹೆಸರು, ಆದರೆ ಚೆಂಡು ಮಧ್ಯಮ ವೇಗದವರ ಚೆಂಡಿನ ಹಾಗೆ ಬರುತ್ತಿತ್ತು, ಯಾವ ಕಡೆ ತಿರುಗುತ್ತದೆ ಎಂದು ಬ್ಯಾಟ್ಸ್‌ಮನ್‌ಗೆ ತಿಳಿಯುತ್ತಿರಲಿಲ್ಲ. ಈಗ ಯೋಚನೆ ಮಾಡಿ, ಬ್ಯಾಟ್ಸ್‌ಮನ್‌ಗೇ ತಿಳಿಯದ ಚೆಂಡು ಅವನ ಬೆನ್ನ ಹಿಂದೆ ಸ್ಟಂಪಿಗೆ ಅಂಟಿಕೊಂಡು ಕೂತವನಿಗೆ ತಿಳಿಯಬೇಕು. ನಡುವೆ ಬ್ಯಾಟು, ಪ್ಯಾಡು, ಮನುಷ್ಯ, ಎಲ್ಲ ಅಡ್ಡ. ಬ್ಯಾಟಿಗೆ ತಾಗಿದರೆ ಒಂದು ದಿಕ್ಕು, ತಾಗದಿದ್ದರೆ ಇನ್ನೊಂದು. ಪ್ರಸನ್ನ ಮತ್ತು ಚಂದ್ರಶೇಖರ್ ಪಡೆದ ವಿಕೆಟ್ಟುಗಳನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆದರೆ ಹಿಂದೆ ಒಳ್ಳೆಯ ಕೈಗಳಿವೆ ಎಂಬ ಧೈರ್ಯವಿಲ್ಲದೆ ಅಂಥ ಚೆಂಡು ಎಸೆಯಲಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು 1973-74ರಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್‌ನಲ್ಲಿ ಹೊರದಬ್ಬಿ, ಆಮೇಲೆ ರಾಜಸ್ಥಾನವನ್ನೂ ಸೋಲಿಸಿ ಕರ್ನಾಟಕ ಮೊದಲ ಸಲ ಕಪ್ ಎತ್ತಿದಾಗ ವಿಕೆಟ್ ಹಿಂದೆ ಇದ್ದದ್ದು ಕಿರ್ಮಾನಿಯೇ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಆಗಿನ್ನೂ ಕೆಲವೇ ತಿಂಗಳು.

ಆದರೆ ಭಾರತ ತಂಡದ ಬಾಗಿಲು ಬೇಗ ತೆರೆಯಲಿಲ್ಲ. 1971ರಲ್ಲಿ ಇಂಗ್ಲೆಂಡಿಗೆ ಹೋದರು, ಟೆಸ್ಟ್ ಆಡಲಿಲ್ಲ. ಫಾರೂಖ್ ಎಂಜಿನಿಯರ್ ಇದ್ದರು. 1974ರಲ್ಲಿ ಮತ್ತೆ ಹೋದರು, ಮತ್ತೆ ಕಾದರು. ಬೇರೆ ಜಾಗವಾದರೆ ಹನ್ನೊಂದು ಮಂದಿಯಲ್ಲಿ ಎಲ್ಲಾದರೂ ನುಸುಳಬಹುದು. ಕೀಪರ್‌ಗೆ ಇರುವುದು ಒಂದೇ ಕುರ್ಚಿ, ಅದರಲ್ಲಿ ಒಬ್ಬರು ಕೂತಿದ್ದರೆ ಎರಡನೆಯವನು ನೀರು ಕೊಟ್ಟುಕೊಂಡು ಇರಬೇಕು. ಕೊನೆಗೆ 1976ರ ಜನವರಿಯಲ್ಲಿ, 26 ತುಂಬಿದ ಮೇಲೆ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್ ಸಿಕ್ಕಿತು. ಎರಡನೇ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಿಸಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

ನಾನು ಅವರನ್ನು ಕಣ್ಣಾರೆ ಕಂಡದ್ದು 1981ರ ಡಿಸೆಂಬರಿನಲ್ಲಿ. ಇಂಗ್ಲೆಂಡ್ ತಂಡ ಬೆಂಗಳೂರಿಗೆ ಬಂದಿತ್ತು. ಎರಡು ದಿನ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಹೋದೆ. ಆಟ ಬಹಳ ನಿಧಾನ. ಇಂಗ್ಲೆಂಡ್ 400 ಹೊಡೆಯಿತು, ಗವಾಸ್ಕರ್ ನಿಂತು ನಿಂತು 172 ಮಾಡಿದರು, ಪಂದ್ಯ ಡ್ರಾ. ಪಕ್ಕದಲ್ಲಿ ಕೂತವರು ಆಕಳಿಸುತ್ತಿದ್ದರು. ನಾನು ಮಾತ್ರ ಬುತ್ತಿ ಬಿಚ್ಚುವುದನ್ನೂ ಮರೆತು ಕಿರ್ಮಾನಿಯನ್ನೇ ನೋಡುತ್ತಿದ್ದೆ. ನುಣ್ಣಗೆ ಬೋಳಿಸಿದ ತಲೆಯ ಮನುಷ್ಯ, ಸುಲಭವಾಗಿ ಕಾಣುತ್ತಿದ್ದರು.

ಪ್ರತಿ ಚೆಂಡಿಗೂ ಕುಕ್ಕರುಗಾಲಿನಲ್ಲಿ ಕೂರುವುದು, ಚೆಂಡು ಪುಟಿಯುವಾಗ ಅದರ ಜೊತೆಗೇ ಏಳುವುದು. ಮೊದಲೇ ಎದ್ದರೆ ಚೆಂಡು ಕೆಳಗೆ ನುಸುಳುತ್ತದೆ, ತಡವಾದರೆ ಮೇಲೆ ಹಾರುತ್ತದೆ. ಹಿಡಿಯುವಾಗ ಕೈ ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡಬೇಕು, ಮೊಟ್ಟೆ ಹಿಡಿದ ಹಾಗೆ. ದಿನಕ್ಕೆ 80 ಓವರ್ ಎಂದರೆ 480 ಸಲ ಕೂತು ಏಳಬೇಕು. ಬ್ಯಾಟ್ಸ್‌ಮನ್ ಹೊಡೆದ ಚೆಂಡು ಇವರ ಬಳಿಗೆ ಬರುವುದೇ ಇಲ್ಲ, ಆದರೂ ಅದು ಬಂದೇ ಬರುತ್ತದೆ ಎಂಬಂತೆ ಕೂರಬೇಕು. ಸಂಜೆಯ ಹೊತ್ತಿಗೂ ಬೆಳಗಿನಷ್ಟೇ ಕೆಳಗೆ ಕೂರುತ್ತಿದ್ದರು. ಅದಕ್ಕೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ, ಯಾವಾಗ ತಟ್ಟಬೇಕು ಎಂದೇ ತಿಳಿಯಲಿಲ್ಲ.

ಆ ಸರಣಿಯಲ್ಲಿ ಕಿರ್ಮಾನಿ ಸತತ ಮೂರು ಟೆಸ್ಟುಗಳಲ್ಲಿ ಒಂದೇ ಒಂದು ಬೈ ರನ್ ಕೊಡಲಿಲ್ಲ. ಇಂಗ್ಲೆಂಡಿನವರು ರನ್ ರಾಶಿ ಹಾಕುತ್ತಿದ್ದರೂ ಬೈ ಕಾಲಂನಲ್ಲಿ ಮಾತ್ರ ಸೊನ್ನೆ. ನನಗೆ ಅವರ ಯಾವ ಶತಕಕ್ಕಿಂತಲೂ ಇದು ದೊಡ್ಡದು.

ಯಾಕೆ ಎಂದರೆ, ಅದರ ಮರುವರ್ಷವೇ ನನ್ನ ಕಾಲಂನಲ್ಲಿ ಸೊನ್ನೆ ಇರಲಿಲ್ಲ. ಆಗ ಮಲೆನಾಡಿನ ಒಂದು ಶಾಖೆಯಲ್ಲಿ ಕ್ಯಾಷಿನಲ್ಲಿದ್ದೆ. ಶನಿವಾರ ಎಂದರೆ ತೋಟಗಳ ಬಟವಾಡೆ. ಎಸ್ಟೇಟಿನ ರೈಟರುಗಳು ಬೆಳಿಗ್ಗೆಯೇ ಟೋಕನ್ ಹಿಡಿದು ನಿಲ್ಲುತ್ತಿದ್ದರು. ಎಲ್ಲರಿಗೂ ಚಿಲ್ಲರೆ ನೋಟೇ ಬೇಕು. ಅರ್ಧ ದಿನದ ಬ್ಯಾಂಕು, ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ಮಧ್ಯಾಹ್ನ ಲೆಕ್ಕ ಕೂಡಿಸಿದರೆ ಸಾವಿರ ರೂಪಾಯಿ ಕಮ್ಮಿ. ಹತ್ತು ರೂಪಾಯಿ ನೋಟಿನ ಒಂದು ಕಟ್ಟು ಯಾರಿಗೋ ಹೆಚ್ಚಿಗೆ ಹೋಗಿದೆ. ಮೂರು ಸಲ ಎಣಿಸಿದೆ, ಸಾವಿರ ಕಮ್ಮಿಯೇ. ಕ್ಯಾಷಿಯರ್ ತುಂಬಿಕೊಡಬೇಕು, ಅದು ನಿಯಮ. ಅಪ್ಪ ಏಲಕ್ಕಿ ಮಾರಿ ಇಟ್ಟಿದ್ದ ಹಣ ಇಸಕೊಂಡು ಕಟ್ಟಿದೆ. ಆ ದಿನಕ್ಕೆ ಮೊದಲು ಎಷ್ಟು ಲಕ್ಷ ಸರಿಯಾಗಿ ಎಣಿಸಿ ಕೊಟ್ಟಿದ್ದೆನೋ, ಅದನ್ನು ಯಾರೂ ಒಂದು ಸಾಲು ಬರೆದಿಟ್ಟಿರಲಿಲ್ಲ. ಆ ಸಾವಿರಕ್ಕೆ ಮಾತ್ರ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಸೋಮವಾರ ಮತ್ತೆ ಅದೇ ಕೌಂಟರಿನಲ್ಲಿ ಕೂರಬೇಕಾಯಿತು. ಕೈ ನಡುಗುತ್ತಿತ್ತು. ಒಂದೊಂದು ಕಟ್ಟನ್ನು ನಾಲ್ಕು ನಾಲ್ಕು ಸಲ ಎಣಿಸಿ ಸಾಲು ಬಾಗಿಲ ತನಕ ಬೆಳೆಯಿತು. ಹಳೇ ತಪ್ಪನ್ನೇ ಎಣಿಸುತ್ತಾ ಕೂತರೆ ಎದುರಿನ ನೋಟು ಕಣ್ಣಿಗೆ ಕಾಣುವುದಿಲ್ಲ. ಆಗ ಬೆಂಗಳೂರಿನಲ್ಲಿ ನೋಡಿದ ಆ ಬೋಳು ತಲೆ ನೆನಪಾಯಿತು ಎಂದರೆ ನಂಬಿ. ಹಿಂದಿನ ಚೆಂಡು ಏನೇ ಆಗಿರಲಿ, ಬೌಲರ್ ತಿರುಗಿದ ಕೂಡಲೆ ಅವರು ಮತ್ತೆ ಕುಕ್ಕರುಗಾಲಿನಲ್ಲಿ. ಎರಡು ಸಲ ಮಾತ್ರ ಎಣಿಸುವುದು ಎಂದು ತೀರ್ಮಾನ ಮಾಡಿದೆ. ಸಾಲು ಕರಗಿತು. (ಆ ಸಾವಿರ? ಬುಧವಾರ ಒಬ್ಬರು ರೈಟರು ಪತ್ರಿಕೆಯಲ್ಲಿ ಸುತ್ತಿದ ಕಟ್ಟನ್ನು ತಂದು ಕೌಂಟರಿನೊಳಗೆ ತಳ್ಳಿ, "ಆಳುಗಳಿಗೆ ಹಂಚುವಾಗ ಉಳೀತು, ನಿಮ್ಮದೇ ಇರಬೇಕು ಸ್ವಾಮಿ" ಅಂದರು. ಅವರಿಗೆ ಒಂದು ಕಾಫಿ ಕುಡಿಸಿದ್ದು ಬಿಟ್ಟರೆ ನಾನೇನೂ ಕೊಡಲಿಲ್ಲ, ಅವರು ತೆಗೆದುಕೊಳ್ಳುವವರೂ ಅಲ್ಲ.)

ಕಿರ್ಮಾನಿಗೂ ಇಂಥ ಸೋಮವಾರಗಳು ಬಂದಿದ್ದವು. 1979ರಲ್ಲಿ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಮತ್ತೆ ತಂಡಕ್ಕೆ ಸೇರಿದರು. ಬೊಂಬಾಯಿ ಟೆಸ್ಟಿನಲ್ಲಿ ಅವರನ್ನು 'ನೈಟ್ ವಾಚ್‌ಮನ್' ಮಾಡಿ ಕಳಿಸಿದರು. ಸಂಜೆ ಆಟ ಮುಗಿಯುವ ಹೊತ್ತಿಗೆ ಒಳ್ಳೆಯ ಬ್ಯಾಟ್ಸ್‌ಮನ್‌ಗಳು ಔಟಾಗದಿರಲಿ ಎಂದು ಕೆಳಗಿನವನೊಬ್ಬನನ್ನು ಮುಂದೆ ಕಳಿಸುವುದಕ್ಕೆ ಆ ಹೆಸರು. ನಮ್ಮ ಗದ್ದೆ ಕಾವಲು ಇದ್ದ ಹಾಗೆ. ಬೆಳಗಿನ ತನಕ ಹಂದಿ ನುಗ್ಗದ ಹಾಗೆ ನೋಡಿಕೊಂಡರೆ ಸಾಕು, ಬೆಳೆ ಬೆಳೆಯುವುದು ಅವನ ಕೆಲಸವಲ್ಲ. ಈ ಕಾವಲುಗಾರ ಬೆಳಗಾದರೂ ಅಟ್ಟಣೆ ಇಳಿಯಲಿಲ್ಲ. ಔಟಾಗದೆ 101 ಹೊಡೆದರು. ಭಾರತ ಇನ್ನಿಂಗ್ಸ್ ಅಂತರದಿಂದ ಗೆದ್ದಿತು.

"ಮತ್ತೆ 1983 ತಾತ?" ಮೊಮ್ಮಗಳು ಮೊದಲ ಸಲ ಬಾಯಿ ಬಿಟ್ಟಳು. ಸಿನಿಮಾ ನೋಡಿ ಅವಳಿಗೆ ಗೊತ್ತಿತ್ತು.

1983ರ ಜೂನ್ 18, ಶನಿವಾರ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್. ಅಲ್ಲಿಂದ ಕಪಿಲ್ ದೇವ್ 175 ಹೊಡೆದದ್ದು ಮಕ್ಕಳಿಗೂ ಗೊತ್ತು. ಅದರ ಒಂದು ಚೂರು ದೃಶ್ಯವೂ ಉಳಿದಿಲ್ಲ, ಅಂದು ಟಿ.ವಿ. ಕ್ಯಾಮೆರಾ ಇರಲಿಲ್ಲ. ಹೆತ್ತೂರಿನಲ್ಲಿ ಜೂನ್ ಎಂದರೆ ಮಳೆಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ, ರೇಡಿಯೋ ಗೊರಗೊರ. ಸೋಮವಾರ ಬಸ್ಸಿನಲ್ಲಿ ಬಂದ ಒದ್ದೆ ಪತ್ರಿಕೆಯನ್ನು ಒಲೆಯ ಶಾಖಕ್ಕೆ ಹಿಡಿದು ಓದಿದೆ. 8ನೇ ವಿಕೆಟ್ ಬಿದ್ದಾಗ 140. ಆಗ ಬಂದವರು ಕಿರ್ಮಾನಿ. ಆಮೇಲೆ ವಿಕೆಟ್ಟೇ ಬೀಳಲಿಲ್ಲ. 60 ಓವರ್ ಮುಗಿದಾಗ 266. ಇಬ್ಬರ ನಡುವೆ ಮುರಿಯದ 126 ರನ್, ಅದರಲ್ಲಿ ಕಿರ್ಮಾನಿಯದು 24. ಲೆಕ್ಕ ಗೊತ್ತಿದ್ದವರು ಆ 24ನ್ನು ಸಣ್ಣದು ಅನ್ನುವುದಿಲ್ಲ, ಆ ಕಡೆ ವಿಕೆಟ್ ಉಳಿಯದಿದ್ದರೆ 175 ಎಲ್ಲಿಂದ ಬರಬೇಕು? ಒಂಬತ್ತನೇ ವಿಕೆಟ್ಟಿಗೆ ಆ ಜೊತೆಯಾಟ 27 ವರ್ಷ ವಿಶ್ವದಾಖಲೆಯಾಗಿ ಉಳಿಯಿತು. ಪಂದ್ಯ 31 ರನ್ನಿನಿಂದ ಗೆದ್ದರು.

ಮುಂದಿನ ಶನಿವಾರ ಲಾರ್ಡ್ಸಿನಲ್ಲಿ ಫೈನಲ್. ನಾವು ಹೊಡೆದದ್ದು 183 ಮಾತ್ರ. ಸಂಧು ಎಸೆದ ಚೆಂಡು ಬ್ಯಾಕಸ್ ಬ್ಯಾಟಿನ ಅಂಚು ಸವರಿ ಹೋದಾಗ ಕಿರ್ಮಾನಿ ಪಕ್ಕಕ್ಕೆ ಹಾರಿ ಹಿಡಿದ ಕ್ಯಾಚ್ ಇದೆಯಲ್ಲ, ಅದರ ದೃಶ್ಯ ಸಿಗುತ್ತದೆ, ನೋಡಿ. ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. ಆ ವಿಶ್ವಕಪ್ಪಿನ ಅತ್ಯುತ್ತಮ ವಿಕೆಟ್‌ಕೀಪರ್ ಎಂದು ಕಿರ್ಮಾನಿಗೆ ಪ್ರಶಸ್ತಿ ಬಂತು. ಅತಿ ಹೆಚ್ಚು ವಿಕೆಟ್ ತೆಗೆದವರೂ ನಮ್ಮ ಬೆಂಗಳೂರಿನ ರೋಜರ್ ಬಿನ್ನಿಯೇ, 18 ವಿಕೆಟ್. ಕಪ್ಪು ತಂದವರ ಪಟ್ಟಿಯಲ್ಲಿ ಕರ್ನಾಟಕದ ಈ ಎರಡು ಹೆಸರುಗಳನ್ನು ನಾವೇ ಮೆಲ್ಲಗೆ ಹೇಳುತ್ತೇವೆ ಅನ್ನುವುದು ನನ್ನ ಹಳೇ ದೂರು.

ಅದೇ ವರ್ಷದ ಕೊನೆಗೆ ಮದ್ರಾಸಿನಲ್ಲಿ ಗವಾಸ್ಕರ್ 236 ಹೊಡೆದಾಗ ಇನ್ನೊಂದು ತುದಿಯಲ್ಲಿ ಔಟಾಗದೆ ಉಳಿದವರೂ ಇವರೇ, 63. ದೊಡ್ಡವರ ದೊಡ್ಡ ಮೊತ್ತ ತೆಗೆದು ನೋಡಿದರೆ ಅದರ ಪಕ್ಕದಲ್ಲಿ ಆಗಾಗ ಈ ಹೆಸರು ಸಿಗುತ್ತದೆ.

ಇಷ್ಟೆಲ್ಲ ಗಂಭೀರವಾದ ಮೇಲೆ ಮಕ್ಕಳನ್ನು ನಗಿಸಲು ಎರಡು ಸಂಗತಿ ಹೇಳಿದೆ. ಒಂದು, ಕಿರ್ಮಾನಿ ಒಮ್ಮೆ ಗ್ಲೌಸ್ ಬಿಚ್ಚಿ ಬೌಲಿಂಗ್ ಮಾಡಿ ಟೆಸ್ಟಿನಲ್ಲಿ ಒಂದು ವಿಕೆಟ್ಟನ್ನೂ ತೆಗೆದಿದ್ದಾರೆ, ಪಾಕಿಸ್ತಾನದ ಅಜೀಂ ಹಫೀಜ್‌ನದು. ಇನ್ನೊಂದು, 'ಕಭೀ ಅಜ್ನಬಿ ಥೇ' ಎಂಬ ಹಿಂದಿ ಸಿನಿಮಾದಲ್ಲಿ ಖಳನಾಯಕನಾಗಿ ನಟಿಸಿದ್ದಾರೆ. ಎರಡನೆಯದಕ್ಕೆ ಹುಡುಗ ಒಲೆಯ ಬಳಿ ಉರುಳಾಡಿ ನಕ್ಕ.

1986ರ ಜನವರಿಯಲ್ಲಿ ಸಿಡ್ನಿಯಲ್ಲಿ ಕೊನೆಯ ಟೆಸ್ಟ್. ಆ ಪ್ರವಾಸದಲ್ಲೇ ಕಾಲಿಗೆ ಪೆಟ್ಟಾಯಿತು. ಅಷ್ಟರಲ್ಲಿ ಹೊಸ ಕೀಪರ್‌ಗಳು ಬಂದಿದ್ದರು, ಕುರ್ಚಿ ಒಂದೇ ಅಲ್ಲವೇ. ಒಟ್ಟು 88 ಟೆಸ್ಟ್, 2,759 ರನ್, ಎರಡು ಶತಕ, 160 ಕ್ಯಾಚ್, 38 ಸ್ಟಂಪಿಂಗ್. 160ಕ್ಕೆ 38 ಕೂಡಿಸಿ ನೋಡಿ. 198. ಇನ್ನೂರಕ್ಕೆ ಎರಡು ಕಮ್ಮಿ! ಕ್ಯಾಷಿಯರ್ ಆಗಿದ್ದವನಿಗೆ ಈ ಎರಡು ಇವತ್ತಿಗೂ ಕಾಡುತ್ತದೆ. ಅರ್ಜುನ, ಪದ್ಮಶ್ರೀ ಬಂದವು. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

"ಅವರು ಬೈ ಕೊಟ್ಟೇ ಇಲ್ವಾ ತಾತ?" ಮೊಮ್ಮಗಳು ಕೇಳಿದಳು.

"ಕೊಟ್ಟಿದ್ದಾರೆ ಪುಟ್ಟಿ. ಬೈ ಕೊಡದ ಕೀಪರ್ ಎಲ್ಲಾದರೂ ಉಂಟಾ? ಮೂರು ಟೆಸ್ಟಿನಲ್ಲಿ ಕೊಡಲಿಲ್ಲ ಅಂದರೆ ಮಿಕ್ಕ 85ರ ಲೆಕ್ಕ ನೀನೇ ಹಾಕು."

ಅವಳು ಏನೂ ಹೇಳದೆ ಮಲಗಲು ಹೋದಳು. ಬೆಳಿಗ್ಗೆ ಏಳೂವರೆಗೆ, ಇಬ್ಬನಿ ಇನ್ನೂ ಆರುವ ಮೊದಲೇ, ಗದ್ದೆಯಿಂದ ಸದ್ದು ಬಂತು. ಹುಡುಗ ಎಸೆಯುತ್ತಿದ್ದ, ಇವಳು ಮೂರು ಕೋಲು ನೆಟ್ಟು ಹಿಂದೆ ಕೂತಿದ್ದಳು. ಕುಯ್ದ ಬತ್ತದ ಕೂಳೆಗೆ ಬಡಿದು ಚೆಂಡು ಎತ್ತೆತ್ತಲೋ ಹೋಗುತ್ತಿತ್ತು. ಚಂದ್ರಶೇಖರ್ ಚೆಂಡಿಗಿಂತ ಕಷ್ಟ. ಅವನು ಅವಳ ಹಿಂದೆ ಬದುವಿನ ಮೇಲೆ ಇದ್ದಿಲಿನಲ್ಲಿ ಬರೆದ ರಟ್ಟೊಂದನ್ನು ಒರಗಿಸಿಟ್ಟಿದ್ದ. ಹತ್ತಿರ ಹೋಗಿ ನೋಡಿದರೆ ಎರಡು ಕಾಲಂ. ಒಂದಕ್ಕೆ 'ಬಿಟ್ಟದ್ದು', ಇನ್ನೊಂದಕ್ಕೆ 'ಹಿಡಿದದ್ದು' ಎಂದು ಇವಳ ಅಕ್ಷರದಲ್ಲಿತ್ತು. ಮೊದಲನೆಯದರಲ್ಲಿ 14, ಎರಡನೆಯದರಲ್ಲಿ 41.

ಶಾಲೆಯ ಗ್ಲೌಸ್ ಅವಳ ಕೈಗೆ ದೊಡ್ಡದು, ಬೆರಳು ತುದಿ ಮುಟ್ಟುವುದಿಲ್ಲ. ಪಿಂಚಣಿ ಬಂದ ಮೇಲೆ ಹಾಸನಕ್ಕೆ ಹೋಗಿ ಚಿಕ್ಕ ಅಳತೆಯದು ತರಬೇಕು ಎಂದು ದಾರದಲ್ಲಿ ಅವಳ ಅಂಗೈ ಅಳೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.